ಯಾರೂ ಅಲುಗಾಡಡಿ

ಸಾಹೇಬರು ತೀರಿಕೊಂಡ ಮೇಲೆ ಹಳೆಯ ಸಾಮಾನು ಬಿಚ್ಚಿ ಜೋಡಿಸುವ ನಮ್ಮ ಭಾನುವಾರದ ಗುಂಪಿನವರು ಸೇರಿ ಒಂದು ಸಭೆ ಮಾಡಿದೆವು. ಫೋಟೋಕ್ಕೆ ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಸಾಹೇಬರೆಂದರೆ ಶಿಸ್ತು, ಒಂದು ಸ್ಕ್ರೂ ಕಳೆಯಲು ಬಿಡುತ್ತಿರಲಿಲ್ಲ. ಹೀಗೆಂದವರಲ್ಲಿ ಒಬ್ಬರ ಗೋಡೆ ಗಡಿಯಾರ ಸಾಹೇಬರ ಕೈಗೆ ಹೋಗಿ ಬಂದ ದಿನದಿಂದ ಒಂದೇ ಹೊತ್ತು ತೋರಿಸುತ್ತಿದೆ. ಇನ್ನೊಬ್ಬರು ಯಲ್ಲಾಪುರದಿಂದ ಬಸ್ಸಿನಲ್ಲಿ ಬರುವವರು, ಅಪ್ಪನ ಕಾಲದ ಕ್ಯಾಮೆರಾ ತಂದು ಕೊಟ್ಟು, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ವಾಪಸು ಹೋದವರು. ಅವರು ಕಣ್ಣು ಬೇರೆ ಒರೆಸಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಸರಿ. ಆದರೆ ಅದಕ್ಕೂ ಒಂದು ಮಿತಿ ಬೇಡವೇ? ನನ್ನ ಸರದಿ ಬಂದಾಗ ಗಂಟಲು ಸರಿಯಿಲ್ಲ ಎಂದು ಹೇಳಿ ಕೂತುಬಿಟ್ಟೆ. ಅಲ್ಲಿ ಆಡದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಾಹೇಬರು ಸಿದ್ದಾಪುರದ ಕಡೆಯವರು. ಸರಕಾರಿ ಇಲಾಖೆಯೊಂದರಲ್ಲಿ ಎಂಜಿನಿಯರ್ ಆಗಿದ್ದು, ನಿವೃತ್ತಿಯ ಹೊತ್ತಿಗೆ ಶಿರಸಿಯಲ್ಲಿ ಮನೆ ಕಟ್ಟಿಸಿಕೊಂಡರು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಈಗ ಶುರು ಮಾಡುವುದೂ ಬೇಡ. ಮನೆಯ ಹಿಂಬದಿಯ ಕೋಣೆಗೆ ‘ವರ್ಕ್‌ಶಾಪ್’ ಎಂದು ಹೆಸರಿಟ್ಟಿದ್ದರು. ಹಲಸಿನ ಹಲಗೆಯ ಮೇಜು, ಮೇಲಿಂದ ಇಳಿಬಿಟ್ಟ ದೀಪ, ಗೋಡೆಯ ಮೇಲೆ ಉದ್ದದ ಪ್ರಕಾರ ನೇತುಹಾಕಿದ ಸ್ಕ್ರೂಡ್ರೈವರುಗಳು. ಎಲ್ಲ ಸರಿಯೇ. ನೆಲಕ್ಕೆ ಮಾತ್ರ ಮೊಸಾಯಿಕ್. ಕಪ್ಪು, ಬಿಳಿ, ಕೆಂಪು, ಹಳದಿ ಚುಕ್ಕಿಗಳ ನೆಲ. ಅದರ ಮೇಲೆ ಕೈಗಡಿಯಾರದ ಒಂದು ಸ್ಕ್ರೂ ಬಿದ್ದರೆ ಚುಕ್ಕಿ ಯಾವುದು, ಸ್ಕ್ರೂ ಯಾವುದು, ದೇವರೇ ಬಲ್ಲ. ಸಣ್ಣ ಸಾಮಾನು ಬಿಚ್ಚಲಿಕ್ಕೆಂದೇ ಕಟ್ಟಿಸಿದ ಕೋಣೆಗೆ ಇಂಥ ನೆಲ ಹಾಕಿಸಿದ ಮನುಷ್ಯ ಇಲಾಖೆಯಲ್ಲಿದ್ದಾಗ ಎಷ್ಟು ಸೇತುವೆ ಕಟ್ಟಿಸಿದ್ದಾರೋ ಎಂದು ನೆನೆದು, ಬಸ್ಸು ಹಳ್ಳ ದಾಟುವಾಗಲೆಲ್ಲ ನನಗೆ ಎದೆ ಢವಗುಟ್ಟುತ್ತಿತ್ತು.

ನಾನು ಆ ಗುಂಪಿಗೆ ಹೇಗೆ ಸೇರಿದೆ ಎಂದು ಕೇಳಿದರೆ, ಕೈ ಸುಮ್ಮನಿರುವುದಿಲ್ಲ ಅನ್ನುವುದೊಂದೇ ಕಾರಣ. ನಮ್ಮದು ದಾಸನಕೊಪ್ಪದ ಮನೆತನ. ಹುಲೇಕಲ್‌ನ ಸೊಸೈಟಿಯಲ್ಲಿ ನನಗೆ ಗುಮಾಸ್ತಿಕೆ. ಅವ್ವನನ್ನೂ ಕರೆದುಕೊಂಡು ಬಂದು ಶಿರಸಿಯಲ್ಲಿ ಮನೆ ಮಾಡಿದ್ದೇನೆ. ಹಳೆಯ ಅಲಾರಂ ಗಡಿಯಾರ, ರೇಡಿಯೋ ಕಂಡರೆ ಬಿಚ್ಚದೆ ಬಿಡುವವನಲ್ಲ. ಬಿಚ್ಚುವುದು ಎಲ್ಲರಿಗೂ ಬರುತ್ತದೆ. ಮುಚ್ಚುವಾಗ ಏನೋ ಒಂದು ಕಡಿಮೆ ಬೀಳುತ್ತದೆ, ಇಲ್ಲವೆ ಹೆಚ್ಚು ಉಳಿಯುತ್ತದೆ. ಗುಂಪಿನವರೆಲ್ಲ ಇದೇ ಜಾತಿ. ಎಲ್ಲರಿಗೂ ಭಾನುವಾರ ಕೆಲಸದಿಂದ ಬಿಡುವಿದೆ, ಕಣ್ಣಿಗೆ ಚಾಳೀಸು ಬಂದಿದೆ, ಬೆರಳು ಮೊದಲಿನ ಹಾಗೆ ಮಾತು ಕೇಳುವುದಿಲ್ಲ. ಇಂಥವರಿಗೆ ಬೇಕಾದದ್ದು ಒಂದು ಬಿಳಿ ಬಟ್ಟೆ ಮತ್ತು ಸ್ವಲ್ಪ ತಾಳ್ಮೆ. ಸಿಕ್ಕಿದ್ದು ಸಾಹೇಬರು.

ಅವರು ರಿಪೇರಿ ಕಲಿಸುತ್ತಿರಲಿಲ್ಲ. ಅವರು ಕಲಿಸುತ್ತಿದ್ದದ್ದು ಸಾಮಾನು ಬೀಳದ ಹಾಗೆ ನೋಡಿಕೊಳ್ಳುವ ಉಪಾಯ, ಬಿದ್ದರೆ ಹುಡುಕುವ ಉಪಾಯ. "ವಸ್ತು ಕಳೀತಿಲ್ಲೆ ತಮಾ, ನಮ್ಮ ಗಮನ ಕಳೀತು," ಎಂದು ಬೆರಳೆತ್ತಿ ಹೇಳುತ್ತಿದ್ದರು. ಹಾಗೆ ಬೆರಳೆತ್ತುವಾಗ ಆ ಬೆರಳಿಗೆ ಅಂಟಿಕೊಂಡಿದ್ದ ವಾಷರ್ ಹಾರಿ ಹೋದದ್ದನ್ನು ನಾನೇ ಕಂಡಿದ್ದೇನೆ.

ಉಪಾಯಗಳು ಒಂದೊಂದೂ ಕೇಳಲಿಕ್ಕೆ ಚೆನ್ನಾಗಿದ್ದವು. ಸೊಂಟಕ್ಕೆ ಒಂದು ದಪ್ಪ ಏಪ್ರನ್ ಕಟ್ಟಿಕೊಂಡು ಅದರ ಇನ್ನೊಂದು ಅಂಚನ್ನು ಮೇಜಿನ ದಂಡೆಗೆ ಕ್ಲಿಪ್ಪು ಹಾಕಿ ಬಿಗಿಯುವುದು. ಬಿದ್ದದ್ದೆಲ್ಲ ತೊಡೆಯ ಮೇಲಿನ ಜೋಳಿಗೆಯಲ್ಲೇ ಉಳಿಯುತ್ತದೆ. ಒಳ್ಳೆಯ ಉಪಾಯವೇ, ನಾನೂ ಮನೆಯಲ್ಲಿ ಮಾಡುತ್ತೇನೆ. ಆದರೆ ಸಾಹೇಬರಿಗೆ ಫೋನು ಬಂದರೆ ಕೂತು ಮಾತಾಡಿ ಅಭ್ಯಾಸವಿಲ್ಲ. ಗಂಟೆ ಹೊಡೆದ ಕೂಡಲೇ ಎದ್ದು ನಿಲ್ಲುವರು. ಏಪ್ರನ್ನಿನ ಜೊತೆ ಮೇಜಿಗೆ ಹಾಸಿದ ಬಿಳಿ ಬಟ್ಟೆಯೂ, ಬಟ್ಟೆಯ ಜೊತೆ ಅರ್ಧ ದಿನ ಬಿಚ್ಚಿ ಜೋಡಿಸಿಟ್ಟ ಅಷ್ಟೂ ಸಾಮಾನೂ ಎದ್ದು ಬಂದು ನೆಲದ ಮೇಲೆ ಚೆಲ್ಲುತ್ತಿತ್ತು. ಕೈಯಲ್ಲಿ ಫೋನು ಹಿಡಿದೇ ಅವರು ನಮ್ಮ ಕಡೆ ಕೆಂಗಣ್ಣು ಬಿಡುವರು, ನಾವೇ ಫೋನು ಮಾಡಿಸಿದವರ ಹಾಗೆ.

ಸ್ಪ್ರಿಂಗ್ ಬಿಚ್ಚುವಾಗ ದೊಡ್ಡ ಪಾರದರ್ಶಕ ಚೀಲದೊಳಗೆ ಎರಡೂ ಕೈ ತೂರಿಸಿ ಬಿಚ್ಚಬೇಕು ಎನ್ನುತ್ತಿದ್ದರು. ಅದೂ ಸರಿ. ಸ್ಪ್ರಿಂಗ್ ಚಿಮ್ಮಿ ಚೀಲದಲ್ಲೇ ಉಳಿಯಿತು, ಅದೂ ಸರಿ. "ಕಂಡ್ರಾ!" ಎಂದು ಗೆದ್ದ ಖುಷಿಯಲ್ಲಿ ಚೀಲವನ್ನು ಬುಡ ಮೇಲೆ ಮಾಡಿ ಕೊಡವಿದವರು ಸಾಹೇಬರೇ. ಇನ್ನೊಂದು ಉಪಾಯ, ಬಿದ್ದ ಸ್ಕ್ರೂ ಎಲ್ಲಿ ಹೋಯಿತೆಂದು ತಿಳಿಯದಿದ್ದರೆ ಅಂಥದೇ ಇನ್ನೊಂದನ್ನು ಅದೇ ಜಾಗದಿಂದ ಬೀಳಿಸಿ ಅದು ಎತ್ತ ಉರುಳುತ್ತದೆ ಎಂದು ನೋಡುವುದು. ಒಮ್ಮೆ ಹೀಗೆ ನೋಡಲು ಹೋಗಿ ಯಲ್ಲಾಪುರದವರ ಕ್ಯಾಮೆರಾದ ನಾಲ್ಕು ಸ್ಕ್ರೂಗಳನ್ನೂ ಒಂದರ ಹಿಂದೊಂದು ಕಳೆದರು. ನಾಲ್ಕನೆಯದನ್ನು ಬೀಳಿಸುವ ಮೊದಲು ಯಲ್ಲಾಪುರದವರು, "ಸರ್, ಇದೊಂದು ಇರ್ಲಿ ಬಿಡಿ," ಎಂದು ಕೈ ಮುಗಿದರು. "ವಿಜ್ಞಾನ ಮಾರಾಯಾ, ಅರ್ಧಕ್ಕೆ ನಿಲ್ಲಿಸೋದಲ್ಲ," ಎಂದರು ಸಾಹೇಬರು.

ಹಾಳೆತಟ್ಟೆಯ ಕಥೆಯನ್ನಂತೂ ಬಿಡುವ ಹಾಗಿಲ್ಲ. ಅಡಿಕೆ ಹಾಳೆಯನ್ನು ಒತ್ತಿ ಮಾಡುವ ಊಟದ ತಟ್ಟೆ ಸಣ್ಣ ಸಾಮಾನು ಇಡಲಿಕ್ಕೆ ಬಲು ಅನುಕೂಲ. ಸುತ್ತ ದಂಡೆಯಿದೆ, ಮೈ ಸ್ವಲ್ಪ ಒರಟು, ಏನೂ ಜಾರುವುದಿಲ್ಲ. ಹೊರದೇಶದವರು ದುಡ್ಡು ಸುರಿದು ಟ್ರೇ ಕೊಳ್ಳುತ್ತಾರೆ, ನಮ್ಮ ಹತ್ತಿರ ಮರದಿಂದಲೇ ಉದುರುತ್ತದೆ ಎಂದು ಸಾಹೇಬರು ಒಂದು ಭಾನುವಾರ ಪೂರ್ತಿ ಭಾಷಣ ಮಾಡಿದರು. ಮುಂದಿನ ವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪ್ರಸಾದ ತಿಂದ ತಟ್ಟೆಗಳನ್ನು ಬಡಿಸುವವರು ಒಟ್ಟು ಮಾಡಿಕೊಂಡು ಹೋಗುವಾಗ, ವರ್ಕ್‌ಶಾಪಿನ ಕಿಟಕಿಯಲ್ಲಿದ್ದ ತಟ್ಟೆಯನ್ನೂ ಎತ್ತಿ, ಅದರೊಳಗಿದ್ದ ಗಡಿಯಾರದ ಹೊಟ್ಟೆ ಸಮೇತ ಗೊಬ್ಬರದ ಗುಂಡಿಗೆ ಹಾಕಿದರು. ಪಂಚೆ ಎತ್ತಿ ಕಟ್ಟಿ, ಉದ್ದನೆಯ ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಸಾಹೇಬರು ಗುಂಡಿಯ ದಂಡೆಯಲ್ಲಿ ನಿಂತರು. ಕಳೆದದ್ದೆಲ್ಲ ಹಿತ್ತಾಳೆಯ ಗಾಲಿಗಳು. ಹಿತ್ತಾಳೆಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂದು ಎಂಜಿನಿಯರರಿಗೆ ಹೇಳುವವರು ಯಾರು? ನಾವು ಸಾಲಾಗಿ ನಿಂತು ನೋಡಿದೆವು. ಒಂದು ಹಳೆಯ ದನದ ಲಾಳದ ಮೊಳೆ ಸಿಕ್ಕಿತು. ಅದನ್ನೇ ತೋರಿಸಿ, "ಉಪಾಯ ಕೆಲಸ ಮಾಡ್ತು, ನೋಡಿ," ಎಂದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಇಷ್ಟೆಲ್ಲದರ ನಡುವೆ ಅವರದೊಂದು ಆಜ್ಞೆಯಿತ್ತು. ಕೈಯಿಂದ ಏನಾದರೂ ಜಾರಿದ ಕ್ಷಣ, ಅದು ನೆಲ ಮುಟ್ಟುವ ಮೊದಲೇ, ಇಡೀ ಮನೆಗೆ ಕೇಳುವ ಹಾಗೆ ಕೂಗುವರು: "ಯಾರೂ ಅಲುಗಾಡಡಿ!" ಅಲುಗಾಡಬೇಡಿ ಎಂದು ಪೇಟೆಯ ಕನ್ನಡದಲ್ಲಿ ಹೇಳುವಷ್ಟು ವ್ಯವಧಾನ ಆಗ ಅವರಿಗಿರುತ್ತಿರಲಿಲ್ಲ, ಮನೆಮಾತೇ ಬಾಯಿಗೆ ಬರುತ್ತಿತ್ತು. ಕೇಳಿದವರು ಇದ್ದಲ್ಲೇ ಇರಬೇಕು. ಕಾಲೆತ್ತಿದ್ದರೆ ಎತ್ತಿದ ಹಾಗೇ, ಚಹದ ಲೋಟ ತುಟಿಗೆ ಹೋಗಿದ್ದರೆ ಅಲ್ಲೇ. ಯಾರಾದರೂ ಕಾಲಿಟ್ಟು ಸಾಮಾನು ಒದ್ದರೆ, ಮೆಟ್ಟಿದರೆ ಎಂಬ ಭಯ. ಆಮೇಲೆ ಬರುತ್ತಿತ್ತು ಎರಡನೆಯ ಕೂಗು: "ಬಾರೆ ಇಲ್ಲಿ, ಟಾರ್ಚ್ ತಗಂಡು ಬಾ!"

ಆಗ ಬರುತ್ತಿದ್ದವರು ಅವರ ಹೆಂಡತಿ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಒಲೆಯ ಮೇಲೆ ಏನಿದ್ದರೂ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಬರಿಗಾಲಲ್ಲಿ ಬಂದು ಬಾಗಿಲ ಒಳಗೆ ಎರಡು ಹೆಜ್ಜೆ ಇಟ್ಟು ಟಾರ್ಚು ಚಾಚುವರು. "ಅಲ್ಲೇ ನಿಲ್ಲು, ಅಲುಗಾಡಡ," ಎಂಬ ಆಜ್ಞೆ ಅವರಿಗೂ ಆಗುತ್ತಿತ್ತು. ಸಾಹೇಬರು ಟಾರ್ಚನ್ನು ನೆಲಕ್ಕೆ ಒರಗಿಸಿ ಇಟ್ಟು, ಬೆಳಕು ನೆಲದ ಮಟ್ಟದಲ್ಲೇ ಹರಿಯುವ ಹಾಗೆ ಮಾಡಿ, ಸಣ್ಣ ವಸ್ತುವಿನ ನೆರಳು ಉದ್ದ ಬೀಳುತ್ತದೆ ಎಂದು ಪಾಠ ಹೇಳುತ್ತ ಮೊಣಕಾಲ ಮೇಲೆ ತೆವಳುವರು. ಹುಡುಕಾಟ ಅರ್ಧ ತಾಸು ನಡೆದರೆ ಅಕ್ಕ ಅರ್ಧ ತಾಸು ಗೊಂಬೆಯ ಹಾಗೆ ನಿಂತಿರಬೇಕು. ಎಲ್ಲೋ ಒಮ್ಮೆ ಅವರ ಕಣ್ಣಿಗೇ ಬಿದ್ದು, "ಅಲ್ಲಿದ್ದಲಿ, ಕುರ್ಚಿ ಕಾಲ ಬುಡಕ್ಕೆ," ಎಂದರೆ, ಸಾಹೇಬರು ಅದನ್ನು ಚಿಮಟದಲ್ಲಿ ಎತ್ತಿ ನಮ್ಮ ಕಡೆ ಹಿಡಿದು, "ನೋಡಿ, ನೆರಳಿನ ಉಪಾಯ!" ಎನ್ನುವರು. ಅವರ ಕಡೆ ತಿರುಗಿ, "ನಿನ್ನ ಕಣ್ಣು ಅಕ್ಕೀಲಿದ್ದ ಕಲ್ಲು ಆರ್ಸಲೆ ಸರಿ, ಹೋಗು," ಎಂದು ನಗುವರು. ನಾವೂ ನಗುತ್ತಿದ್ದೆವು. ಅಕ್ಕ ಮಾತ್ರ ಇಳಿಸಿಟ್ಟ ಹಾಲು ಆರಿಹೋಗಿರಬೇಕು ಎನ್ನುತ್ತ ಒಳಗೆ ಹೋಗುತ್ತಿದ್ದರು.

ಈಗ ಅವ್ವನ ವಿಷಯಕ್ಕೆ ಬರುತ್ತೇನೆ.

ಅವ್ವನಿಗೆ ಕಿವಿ ಕೇಳುವುದಿಲ್ಲ. ಹುಬ್ಬಳ್ಳಿಯಿಂದ ತಂದ ಕಿವಿಯ ಮಷಿನು ಹಾಕಿದರೆ ಎಲ್ಲ ಕೇಳುತ್ತದೆ, ಬೇಡದ್ದೂ ಕೇಳುತ್ತದೆ. ಅದರ ಬ್ಯಾಟರಿಗೆ ಕಾಳಿನಷ್ಟು ಸಣ್ಣದೊಂದು ಬಾಗಿಲು, ಆ ಬಾಗಿಲಿಗೆ ತಿರುಗಣಿಯಾಗಿ ಕೂದಲಿನಷ್ಟು ಸಪೂರದ ಒಂದು ಪಿನ್ನು. ಬಾಗಿಲು ಸಡಿಲಾಗಿ ಆಗಾಗ ತೆರೆದುಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಬನವಾಸಿಯಿಂದ ಫೋನು ಬಂತು. ಅಲ್ಲಿ ಅವ್ವನ ಒಬ್ಬಳೇ ಅಕ್ಕ, ನಮ್ಮ ದೊಡ್ಡವ್ವ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ‘ತಂಗೀನ ಕರಸ್ರಿ, ಆಕಿಗೊಂದು ಮಾತು ಹೇಳೂದೈತಿ’ ಎಂದು ಒಂದೇ ಸಮನೆ ಅನ್ನುತ್ತಿದ್ದಾಳಂತೆ. ಭಾನುವಾರ ಹೋಗುವುದೆಂದಾಯಿತು. ಅವ್ವ ಶುಕ್ರವಾರದಿಂದಲೇ ಚೀಲ ತುಂಬಿಟ್ಟಳು. ಅವ್ವ ಮತ್ತು ದೊಡ್ಡವ್ವನ ನಡುವೆ ಏನೋ ಹಳೆಯ ಮುನಿಸಿತ್ತು, ಏನೆಂದು ಇಬ್ಬರೂ ನಮಗೆ ಹೇಳಿದವರಲ್ಲ. ವರ್ಷಗಟ್ಟಲೆ ಮಾತು ಬಿಟ್ಟು, ಆಮೇಲೆ ಮದುವೆ ಮುಂಜಿಗಳಲ್ಲಿ ಊಟ ಆಯಿತೇನು ಅನ್ನುವಷ್ಟಕ್ಕೆ ಬಂದಿದ್ದರು. "ಅಕ್ಕ ತಾನ ಕರದಾಳಂದ್ರ ಸುಮ್ನ ಅಲ್ಲಪಾ," ಎಂದಳು ಅವ್ವ. "ಈ ಮಷಿನ್ನಿನ ಬಾಗ್ಲ ಒಂದೀಟು ಗಟ್ಟಿ ಮಾಡಸ್ಕೊಂಡು ಬಾ. ಅಲ್ಲಿ ಕಳಚಿ ಬಿದ್ರ ಏನ್ ಮಾಡ್ಲಿ?"

ಶನಿವಾರ ಮಧ್ಯಾಹ್ನ ಸಾಹೇಬರ ಮನೆಗೆ ಹೋದೆ. ನನಗೆ ಬೇಕಾಗಿದ್ದದ್ದು ಅವರ ಸಣ್ಣ ಚಿಮಟ ಮತ್ತು ಭೂತಗನ್ನಡಿ ಮಾತ್ರ.

"ಸಾಹೇಬ್ರ, ಬಾಗ್ಲ ಒಂಚೂರು ಒತ್ತಿದ್ರ ಸಾಕ್ರಿ. ನಾಳೆ ಬನವಾಸಿಗೆ ಹೋಗೂದೈತಿ. ನಮ್ಮ ದೊಡ್ಡವ್ವಂದು ಕಡೀಗಾಲ, ಅವ್ವನ ಹತ್ರ ಏನೋ ಮಾತಾಡೂದೈತಂತ್ರಿ," ಎಂದೆ.

"ಒತ್ತೋದೆಂಥಾ? ಮೂಲಕ್ಕೇ ಕೈ ಹಾಕ್ಬೇಕು," ಎಂದು ಅವರು ಮಷಿನನ್ನು ಕಸಿದುಕೊಂಡೇ ಬಿಟ್ಟರು. "ಪಿನ್ ತೆಗೆದು, ಒರೆಸಿ, ಒಂದು ಕೂದಲೆಳೆ ಬಗ್ಗಿಸಿ ಹಾಕ್ತೆ. ಜನ್ಮದಲ್ಲಿ ಸಡಿಲಾಗೂದಿಲ್ಲೆ."

"ಬ್ಯಾಡ್ರಿ ಸಾಹೇಬ್ರ, ಪಿನ್ ತಗೀಬ್ಯಾಡ್ರಿ. ಬಿದ್ರ ಸಿಗೂದಿಲ್ಲ."

"ನನ್ನ ಕೈಯಿಂದ ಬೀಳ್ತದಾ?" ಎಂದು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. ಏಪ್ರನ್ ಕಟ್ಟಿಕೊಳ್ಳಲಿಲ್ಲ, ಚೀಲ ತರಲಿಲ್ಲ, ಬಿಳಿ ಬಟ್ಟೆಯನ್ನೂ ಹಾಸಲಿಲ್ಲ. ಉಪಾಯಗಳೆಲ್ಲ ಭಾನುವಾರಕ್ಕೆ, ಕೇಳುವ ಜನ ಇದ್ದಾಗ. ಅವತ್ತು ನಾನೊಬ್ಬನೇ ಇದ್ದೆನಲ್ಲ. ಚಿಮಟದ ತುದಿಯಲ್ಲಿ ಪಿನ್ನು ಹೊರಗೆ ಬಂತು, ಕಿಟಕಿಯ ಬೆಳಕಿಗೆ ಒಮ್ಮೆ ಮಿನುಗಿತು, ಆಮೇಲೆ ಚಿಮಟ ಮಾತ್ರ ಉಳಿಯಿತು.

"ಯಾರೂ ಅಲುಗಾಡಡಿ! ಬಾರೆ ಇಲ್ಲಿ, ಟಾರ್ಚ್ ತಗಂಡು ಬಾ!"

ಅಕ್ಕ ಬಂದರು, ಎರಡು ಹೆಜ್ಜೆ ಒಳಗಿಟ್ಟರು, ಟಾರ್ಚು ಚಾಚಿದರು, ನಿಂತರು. ಏನು ಬಿತ್ತು, ಯಾರದು ಎಂದು ಅವರು ಕೇಳಲಿಲ್ಲ, ಸಾಹೇಬರು ಹೇಳಲೂ ಇಲ್ಲ. ನಾನು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿಬಿಟ್ಟೆ. ಚುಕ್ಕಿ ಚುಕ್ಕಿ ಚುಕ್ಕಿ. ಟಾರ್ಚಿನ ಬೆಳಕಿನಲ್ಲಿ ಧೂಳಿನ ಕಣಕ್ಕೂ ಗೇಣುದ್ದದ ನೆರಳು. ಸಾಹೇಬರು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಎಳೆದುಕೊಂಡು ಮೇಜಿನ ಅಡಿ, ಕಪಾಟಿನ ಅಡಿ ಎಲ್ಲ ತೆವಳಿದರು. ನನ್ನ ಕಣ್ಣಿನ ಮಟ್ಟಕ್ಕೆ ಅಕ್ಕನ ಪಾದಗಳಿದ್ದವು. ಒಡೆದ ಹಿಮ್ಮಡಿ, ಬಲಗಾಲಿನ ಬೆರಳುಗಳು ಸ್ವಲ್ಪ ಮಡಚಿಕೊಂಡಿದ್ದವು. ಅಷ್ಟು ಹೊತ್ತೂ ಆ ಪಾದ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಇಂಥ ಗಂಡನ ಮಾತಿಗೆ ಇಷ್ಟು ಬೆಲೆ ಕೊಡುವ ಹೆಂಗಸೂ ಇದ್ದಾಳಲ್ಲ ಎಂದು, ಆ ಗಡಿಬಿಡಿಯಲ್ಲೂ ನನಗೆ ಅವರ ಮೇಲೆ ಕನಿಕರ ಹುಟ್ಟಿತು.

ಪಿನ್ನು ಸಿಗಲಿಲ್ಲ. ಸಾಹೇಬರು ಎದ್ದು ಮೊಣಕಾಲು ಕೊಡವಿಕೊಂಡು, "ಇದು ಡಿಸೈನೇ ಸರಿ ಇಲ್ಲೆ ಮಾರಾಯಾ. ನಿನ್ನ ಅವ್ವಂಗೆ ಹೊಸ ಮಾಡೆಲ್ ಕೊಡ್ಸು," ಎಂದರು. ತಪ್ಪಾಯಿತು ಅನ್ನುವ ಒಂದು ಮಾತು ಬಾಯಿಂದ ಬರಲಿಲ್ಲ. ಅವರ ನಿಘಂಟಿನಲ್ಲಿ ಆ ಶಬ್ದ ಎಂದೋ ಬಿದ್ದು ಕಳೆದುಹೋಗಿದ್ದಿರಬೇಕು, ಅದನ್ನು ಯಾರೂ ಹುಡುಕಿಕೊಟ್ಟಿರಲಿಲ್ಲ.

ಬಾಗಿಲಿಗೆ ಟೇಪು ಸುತ್ತಿ ಅವ್ವನ ಕಿವಿಗೆ ಇಟ್ಟೆ. ದಾರಿಯಲ್ಲಿ ಬಸ್ಸು ಕುಲುಕಿದಾಗಲೆಲ್ಲ ಕೀ ಎಂದು ಕೂಗಿ, ದಾಸನಕೊಪ್ಪ ದಾಟುವ ಹೊತ್ತಿಗೆ ಪೂರ್ತಿ ಸುಮ್ಮನಾಯಿತು. ಬನವಾಸಿಯಲ್ಲಿ ದೊಡ್ಡವ್ವ ತಂಗಿಯನ್ನು ಕಂಡವಳೇ, "ಎಲ್ಲಾರೂ ಹೊರಗ ಹೋಗ್ರಿ," ಎಂದಳು. ನಾನು, "ದೊಡ್ಡವ್ವಾ, ಅವ್ವಗ ಇವತ್ತು ಕೇಳೂದಿಲ್ಲ," ಎಂದು ಹೇಳಲು ಹೋದರೆ ಅವ್ವನೇ ಕಣ್ಣಲ್ಲಿ ಗದರಿಸಿದಳು. ಬಾಗಿಲ ಸಂದಿಯಿಂದ ನೋಡಿದೆ. ದೊಡ್ಡವ್ವ ಅವ್ವನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲೇ ಮಾತಾಡುತ್ತಿದ್ದಳು. ಆ ಮಷಿನು ಇದ್ದ ಕಿವಿಯಲ್ಲೇ. ಅವ್ವ ಹೂಂ ಹೂಂ ಎಂದು ತಲೆ ಆಡಿಸುತ್ತಿದ್ದಳು. ಕೊನೆಗೆ ದೊಡ್ಡವ್ವ ಅವ್ವನ ಮುಖ ಹಿಡಿದು ಏನೋ ಕೇಳಿದಳು, ತುಟಿ ಮತ್ತೆ ಮತ್ತೆ ಒಂದೇ ರೀತಿ ಅಲುಗಿತು. ಅವ್ವ ಅದಕ್ಕೂ ಹೂಂ ಎಂದಳು. ದೊಡ್ಡವ್ವ ಕಣ್ಣು ಮುಚ್ಚಿ ನಿರಾಳವಾಗಿ ಒರಗಿದಳು. ಮುಂದಿನ ವಾರ ತೀರಿಕೊಂಡಳು.

ಹೊಸ ಮಷಿನು ತಂದದ್ದು ಅದಾದ ಮೇಲೆ. ಅಂದಿನಿಂದ ಅವ್ವನಿಗೆ ಒಂದು ರೂಢಿ ಬಿದ್ದಿದೆ. ಸೊಪ್ಪು ಬಿಡಿಸುತ್ತಲೋ, ಬತ್ತಿ ಹೊಸೆಯುತ್ತಲೋ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿ, ದೊಡ್ಡವ್ವನ ತುಟಿ ಅಲುಗಿದ ರೀತಿಯನ್ನು ದನಿಯಿಲ್ಲದೆ ಮಾಡಿ ತೋರಿಸುತ್ತಾಳೆ. "ಹಿಂಗ ಅಂದ್ಲು. ಏನಿರಬೇಕು ಹೇಳು? ನಾ ಯಾವುದಕ್ಕ ಹೂಂ ಅಂದ್ನೋ ಏನೋ." ಆ ತುಟಿಯನ್ನು ನೋಡಿದಾಗಲೆಲ್ಲ ನನಗೆ ಸಾಹೇಬರ ಮೇಲೆ ಸಿಟ್ಟು ನೆತ್ತಿಗೇರುತ್ತಿತ್ತು. ಭಾನುವಾರ ಅಲ್ಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಎದುರು ಸಿಕ್ಕರೆ ಅವರು, "ಎಂಥ ತಮಾ, ಅವ್ವಂಗೆ ಹೊಸದು ಕೊಡ್ಸಿದ್ಯಾ? ನಾ ಹೇಳಿದ್ನಲಾ," ಎನ್ನುವರು, ಆ ಸಲಹೆಗೆ ನಾನು ಉಪಕಾರ ನೆನೆಯಬೇಕು ಎಂಬಂತೆ.

ಸಭೆಯಾಗಿ ಕೆಲವು ದಿನಕ್ಕೆ ಅಕ್ಕನ ಫೋನು ಬಂತು. ವರ್ಕ್‌ಶಾಪ್ ಖಾಲಿ ಮಾಡಬೇಕು, ಬೇಕಾದ ಸಾಮಾನು ತೆಗೆದುಕೊಂಡು ಹೋಗಿ ಎಂದರು. ಹೋದೆ. ಗೋಡೆಯ ಸ್ಕ್ರೂಡ್ರೈವರುಗಳನ್ನು ಆಗಲೇ ಯಾರೋ ಒಯ್ದಿದ್ದರು. ಅಕ್ಕ ಚಹ ಕೊಟ್ಟು, ಒಳಗಿನಿಂದ ಒಂದು ಉಪ್ಪಿನಕಾಯಿ ಬಾಟಲಿ ತಂದು ಮೇಜಿನ ಮೇಲಿಟ್ಟರು. ಅದರ ತುಂಬ ಸ್ಕ್ರೂ, ಸ್ಪ್ರಿಂಗ್, ವಾಷರ್, ಗಡಿಯಾರದ ಮುಳ್ಳು, ಯಲ್ಲಾಪುರದವರ ಕ್ಯಾಮೆರಾದ ನಾಲ್ಕು ಸ್ಕ್ರೂಗಳೂ.

"ಗುಡಿಸುವಾಗ ಸಿಕ್ಕಿದ್ದೇನ್ರಿ ಅಕ್ಕಾರ?" ಎಂದೆ.

ನಮ್ಮಂಥವರ ಜೊತೆ ಪೇಟೆಯ ಕನ್ನಡವನ್ನೇ ಆಡುತ್ತಿದ್ದವರು ಅವತ್ತು ಮನೆಮಾತಿಗೇ ಇಳಿದರು, ನಾನು ಎಂಬುದು ‘ಆನು’, ನನಗೆ ಎಂಬುದು ‘ಎಂಗೆ’, ಎಂದು ಅನ್ನುವಲ್ಲಿ ‘ಹೇಳಿ’. "ಗುಡಿಸುವಾಗ ಅಲ್ಲ. ಎನ್ನ ಕಾಲಡಿಗೆ ಸಿಕ್ಕಿದ್ದು. ಬರಿಗಾಲಿಗೆ ಗೊತ್ತಾಗ್ತಲಿ. ಎರಡು ಹೆಜ್ಜೆ ಇಡೂದ್ರೊಳಗೆ ಅರ್ಧಕ್ಕರ್ಧ ಸಿಕ್ತಿತ್ತು. ಉಳಿದದ್ದು ಕಣ್ಣಿಗೆ ಕಾಣ್ತಿತ್ತು. ಆಮೇಲೆ ಎತ್ತಿ ಇಟ್ಕಂಡಿದ್ದು."

"ಮತ್ತ ಹೇಳಬೇಕಾಗಿತ್ತಲ್ರಿ!"

"ಎಂತಕೆ ಹೇಳವು? ಹೇಳಿದ ದಿನೆಲ್ಲ ಎಂತ ಆಗ್ತಿತ್ತು, ನೀವೇ ನೋಡಿದ್ರಲಿ. ಸಿಕ್ಕಿದ್ದು ಎಂಗೆ, ಹೆಸರು ಟಾರ್ಚಿಗೆ. ನೀವೆಲ್ಲ ಹಲ್ಲು ಕಿರಿಯೂದು." ಚಹದ ಲೋಟವನ್ನು ನನ್ನ ಕಡೆ ಸರಿಸಿ, ತಗ್ಗಿದ ದನಿಯಲ್ಲಿ ಗಂಡನ ಸುದ್ದಿಗೆ ಬಂದರು. "ಜನ್ಮದಲ್ಲಿ ಎನ್ನ ಎದುರಿಗೆ ಅವು ಬಗ್ಗಿದ್ದು ಅಷ್ಟೇಯ. ಮೊಣಕಾಲ ಮೇಲೆ ಎನ್ನ ಕಾಲ ಬುಡದಲ್ಲಿ ಹುಡುಕೂದು ನೋಡಲೆ ಚೊಲೋ ಆಗ್ತಿತ್ತು. ಆನೂ ಹಂಗೇ ನಿಂತ್ಕತ್ತಿದ್ದಿ."

ನನಗೆ ನಗು ಬಂತು. ಇಷ್ಟು ವರ್ಷದ ಸಿಟ್ಟಿಗೆ ಒಬ್ಬ ಜೊತೆಗಾರ ಸಿಕ್ಕಿದ ಹಾಗಾಯಿತು. ಅಷ್ಟರಲ್ಲಿ ಅಕ್ಕ ಸೆರಗಿನ ಗಂಟು ಬಿಚ್ಚಿ, ಮಡಚಿದ ಸಣ್ಣ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. ಬಿಡಿಸಿದೆ. ಒಳಗೆ ಕೂದಲಿನಷ್ಟು ಸಪೂರದ ಒಂದು ಪಿನ್ನು.

"ನಿಮ್ಮ ಅವ್ವಂದು ಹೇಳಿ ಎಂಗೆ ಗೊತ್ತಿತ್ತಿಲ್ಲೆ," ಎಂದರು. "ಮತ್ತೊಂದು ಗಡಿಯಾರದ್ದು ಮಾಡ್ಕಂಡಿ. ಎರಡು ದಿನ ಬಿಟ್ಟು ಅವು ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಗೊತ್ತಾತು. ಅಷ್ಟೊತ್ತಿಗೆ ನೀವು ಬನವಾಸಿಗೆ ಹೋಗಿ ಬಂದಾಗಿತ್ತು. ತಂದು ಕೊಟ್ರೆ ಇವರಿಗೆ ಎಲ್ಲ ತಿಳೀತು ಹೇಳಿ ಹೆದರಿಕೆ."

ಆ ನೆಲ, ಆ ಮಡಚಿದ ಬೆರಳು, ನನ್ನ ಕನಿಕರ, ಎಲ್ಲ ನೆನಪಾಯಿತು. ಕೆನ್ನೆ ನೆಲಕ್ಕಿಟ್ಟು ನಾನು ನೋಡುತ್ತಿದ್ದದ್ದು ಆ ಪಿನ್ನನ್ನು ಅಡಗಿಸಿಕೊಂಡ ಬೆರಳುಗಳನ್ನೇ.

"ಒಂದು ಕಾಲು ಎತ್ತಿದ್ರ ಮುಗೀತಿತ್ತಲ್ರಿ," ಎಂದೆ.

"ಅಲುಗಾಡಡ ಹೇಳಿ ಹೇಳಿದ್ದು ಅವೇಯ," ಎಂದರು ಅಕ್ಕ. ಅವರ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಇರಲಿಲ್ಲ. "ಆನು ಅಲುಗಾಡಿದ್ನಿಲ್ಲೆ."

ಬಾಟಲಿ ಅಲ್ಲೇ ಬಿಟ್ಟು, ಕಾಗದವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಯಾರನ್ನು ಬಯ್ಯಬೇಕು ಎಂದು ಹುಡುಕಿದೆ. ಸಾಹೇಬರನ್ನು ಬೈದೆ, ಅದು ರೂಢಿ. ಅಕ್ಕನನ್ನು ಬಯ್ಯಲು ಹೋದರೆ ಸಾಹೇಬರೇ ಅಡ್ಡ ಬಂದರು, ಬೆರಳೆತ್ತಿಕೊಂಡು. ಇಷ್ಟು ಉಪಾಯ ಗೊತ್ತಿದ್ದ ಮನುಷ್ಯನಿಗೆ ತನ್ನ ಮನೆಯಲ್ಲಿ ಕಳೆದದ್ದು ಏನು ಅನ್ನುವುದೇ ಕೊನೆಯವರೆಗೂ ತಿಳಿಯಲಿಲ್ಲ. ಅದಕ್ಕೆ ಅವರ ಮೇಲೆ ಮರುಕ ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ.

ಅವ್ವ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. "ಏನ್ ಕೊಟ್ಲು ಆಕಿ?" ಎಂದು ಕೇಳಿದಳು. ಮುಚ್ಚಿಡಲು ಮನಸ್ಸು ಬರಲಿಲ್ಲ. ಎಲ್ಲ ಹೇಳಿದೆ. ಅವ್ವ ಬತ್ತಿ ಕೆಳಗಿಟ್ಟು ಅಂಗೈ ಚಾಚಿದಳು. ಪಿನ್ನನ್ನು ಅಲ್ಲಿಟ್ಟೆ. ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದಳು.

"ಇಷ್ಟ ಏನು?" ಎಂದಳು.

ಅಂಗೈ ಸ್ವಲ್ಪ ವಾಲಿತು. ಪಿನ್ನು ಜಾರಿತು. ಅದು ನೆಲ ಮುಟ್ಟುವ ಮೊದಲೇ ನನ್ನ ಬಾಯಿಂದ ಕೂಗು ಹೊರಟಿತ್ತು, ಅದೂ ಅವರದೇ ಮಾತಿನಲ್ಲಿ, ಅವರದೇ ದನಿಯಲ್ಲಿ: "ಯಾರೂ ಅಲುಗಾಡಡಿ!"

ಅವ್ವನ ಕಿವಿಯಲ್ಲಿ ಹೊಸ ಮಷಿನು ಇತ್ತು. ಚೆನ್ನಾಗಿಯೇ ಕೇಳಿಸಿತ್ತು. ನನ್ನ ಮುಖವನ್ನೊಮ್ಮೆ ನೋಡಿದಳು, ಮೊಣಕಾಲಿಗೆ ಕೈ ಊರಿ ಎದ್ದಳು, ಪಿನ್ನು ಬಿದ್ದ ಜಾಗದ ಮೇಲೇ ಹೆಜ್ಜೆಯಿಟ್ಟು ನಡೆದು ದೇವರ ಗೂಡಿಗೆ ದೀಪ ಹಚ್ಚಲು ಹೋದಳು.